ಸುಮ್ಮನಿರಲು ಕಲಿತ ನಾಯಿ

ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ ವಿಕಲಚೇತನ ಮಕ್ಕಳ ತಂದೆತಾಯಂದಿರು, ನಾಯಿ ಸಾಕಿದವರು, ಪಶುವೈದ್ಯಕೀಯ ಓದುತ್ತಿರುವ ಹುಡುಗ ಹುಡುಗಿಯರು ಸೇರಿದ್ದರು. ಅಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಹೇಳುವ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿರುವವರು ನಮ್ಮ ಚಿಕ್ಕಪ್ಪ. ಅವರ ಕಾಲ ಹತ್ತಿರ ಗೋಣಿತಾಟಿನ ಮೇಲೆ ಒಂದು ಕಪ್ಪು ನಾಯಿ ಮಲಗಿದೆ. ಹೆಸರು ಕಾಳಿ. ನಾವು ಬಂದು ಅರ್ಧ ಗಂಟೆ ಆಯ್ತು. ಮಕ್ಕಳು ಆಚೀಚೆ ಓಡಿದರು, ಮೈಕು ಎರಡು ಸಲ ಕಿರುಚಿತು, ಯಾರೋ ಬೋಂಡದ ತಟ್ಟೆ ಹಿಡಿದು ಅವಳ ಮೂಗಿನ ಮುಂದೆಯೇ ದಾಟಿಹೋದರು. ಅವಳು ಒಂದು ಸಲ ಕಿವಿ ಅಲ್ಲಾಡಿಸಿದಳು, ಅಷ್ಟೆ. ಇವತ್ತು ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಭಾಗ ಆ ಗೋಣಿತಾಟಿನ ಮೇಲೆ ಮಲಗಿದೆ.

'ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ' ಅಂತ ಗಾದೆ ಇದೆಯಲ್ಲ, ಅದನ್ನು ನಾವು ಬೈಯೋದಕ್ಕೆ ಬಳಸುತ್ತೇವೆ. ಆದರೆ ಮರಿ ಸಾಕಿದವರು ಯೋಚನೆ ಮಾಡಿ ನೋಡಿ, ಅದು ಕಣ್ಣಾರೆ ಕಂಡು ಹೇಳಿದ ಮಾತು. ಕೆಲಸ ಇಲ್ಲದ ಚುರುಕು ನಾಯಿಗೆ ನಿಲ್ಲೋಕೆ ಆಗುವುದೇ ಇಲ್ಲ. ಚಪ್ಪಲಿ ಕಡಿಯುತ್ತದೆ, ಒಣಗಿಸಿದ ಬಟ್ಟೆ ಎಳೆಯುತ್ತದೆ, ಗೇಟಿನ ಮುಂದೆ ಹೋದವರಿಗೆಲ್ಲ ಬೊಗಳುತ್ತದೆ. ಅಂಗವಿಕಲರಿಗೆ ನೆರವಾಗುವ ನಾಯಿ ಅಂದರೆ ಬಾಗಿಲು ತೆಗೆಯುವುದು, ವಸ್ತು ತಂದುಕೊಡುವುದು ಇವೇ ಕಣ್ಣ ಮುಂದೆ ಬರುತ್ತವೆ. ಅವು ಕೆಲವು ವಾರಗಳ ಪಾಠ. ನಿಲ್ಲೋಕೆ ಪುರುಸೊತ್ತಿರುವ ನಾಯಿಯನ್ನು ಬೆಳೆಸುವುದಕ್ಕೆ ಒಂದೂವರೆ ವರ್ಷ ಬೇಕು.

ನಾನು ವೃತ್ತಿಯಿಂದ ನಾಯಿ ತರಬೇತಿ ಮಾಡುವವಳಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದಕ್ಕೆ ಕೈ ಹಾಕಿದ್ದು ಮನೆಯ ಅಗತ್ಯದಿಂದ.

2016ರ ಫೆಬ್ರುವರಿಯಲ್ಲಿ ಚಿಕ್ಕಪ್ಪ ಸಕಲೇಶಪುರದ ಕಡೆ ನಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು. ಸಿಲ್ವರ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿ ಜಾರಿತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸು, ಅಡಿಕೆ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಅಂತ ಮರ ಹತ್ತಿ ಬಿದ್ದವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆ, ಫಿಸಿಯೋಥೆರಪಿ ಅಂತ ಹಾಸನಕ್ಕೆ ಕರೆತಂದೆವು. ನಮ್ಮ ಮನೆ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದರು. ಚಿಕ್ಕಮ್ಮ ಅಂಗನವಾಡಿಗೆ ಹೋಗುತ್ತಾರೆ, ನಾನು ಶಾಲೆಗೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಅವರೊಬ್ಬರೇ.

ಒಂದು ದಿನ ಅವರ ಕೈಯಿಂದ ಮೊಬೈಲ್ ಜಾರಿ ಬಿತ್ತು. ಬಗ್ಗಿ ತೆಗೆಯಲು ಹೋಗಿ ಕುರ್ಚಿಯಿಂದ ಅವರೂ ಬಿದ್ದರು. ಮೊಬೈಲ್ ಎರಡು ಅಡಿ ದೂರದಲ್ಲಿತ್ತು, ಸಿಗಲಿಲ್ಲ. ಚಿಕ್ಕಮ್ಮ ಬರುವವರೆಗೆ ಎರಡೂವರೆ ಗಂಟೆ ನೆಲದ ಮೇಲೇ ಇದ್ದರು. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಹಾಗೆ ಒಂದೇ ಮಗ್ಗುಲಲ್ಲಿ ಬಿದ್ದಿರುವುದು ಎಷ್ಟು ಅಪಾಯ ಅಂತ ಇಲ್ಲಿ ಎಷ್ಟೋ ಜನರಿಗೆ ಗೊತ್ತು. ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ, ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿದ್ದ ಮೊಬೈಲ್ ಎತ್ತಿಕೊಡುವ ಒಂದು ಜೀವ ಮನೆಯಲ್ಲಿದ್ದಿದ್ದರೆ ಅನ್ನಿಸಿತು. ಅಲ್ಲಿಂದ ಶುರುವಾಯಿತು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಅವಸರದಲ್ಲಿ ಒಂದು ಲ್ಯಾಬ್ರಡಾರ್ ಮರಿ ಕೊಂಡೆ. ಮಾರಿದವರು ಕಾಗದ ತೋರಿಸಿದರು, ಮರಿ ದುಂಡಗೆ ಮುದ್ದಾಗಿತ್ತು, ನಾನು ಇನ್ನೇನೂ ಕೇಳಲಿಲ್ಲ. ರಾಜ ಅಂತ ಹೆಸರಿಟ್ಟೆವು. ಹತ್ತು ತಿಂಗಳಿಗೆ ಅವನು ಎದ್ದೇಳುವಾಗ ನರಳುವುದಕ್ಕೆ ಶುರುಮಾಡಿದ. ಎಕ್ಸ್‌ರೇ ತೆಗೆಸಿದಾಗ ಸೊಂಟದ ಕೀಲು ಸರಿಯಾಗಿ ಕೂತಿಲ್ಲ ಅಂತ ತಿಳಿಯಿತು. ಹಿಪ್ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರದ ದೊಡ್ಡ ತಳಿಗಳಲ್ಲಿ ವಂಶದಿಂದ ಬರುವ ತೊಂದರೆ ಇದು. ಹೊರದೇಶದ ಒಳ್ಳೆಯ ತರಬೇತಿ ಶಾಲೆಗಳು ತಾಯಿ ತಂದೆ ಎರಡರ ಸೊಂಟ, ಮೊಣಕೈ, ಕಣ್ಣು ಪರೀಕ್ಷೆ ಮಾಡಿಸಿಯೇ ಮರಿ ಹಾಕಿಸುತ್ತವೆ. ಅಷ್ಟೆಲ್ಲ ಮಾಡಿದ ಮೇಲೂ ಅಲ್ಲಿನ ಮರಿಗಳೆಲ್ಲ ಕೊನೆಯವರೆಗೆ ಬರುವುದಿಲ್ಲ. ಎಷ್ಟೋ ಮರಿಗಳು ಆರೋಗ್ಯಕ್ಕೋ ಸ್ವಭಾವಕ್ಕೋ ನಡುವೆಯೇ ನಿಲ್ಲುತ್ತವೆ. ಅವು ಸಾಕುನಾಯಿಯಾಗಿ ಬೇರೆ ಮನೆ ಸೇರುತ್ತವೆ. ರಾಜನೂ ಹಾಗೆಯೇ ನಮ್ಮನೆಯಲ್ಲೇ ಉಳಿದ. ಕೆಲಸಕ್ಕೆ ಹಚ್ಚಲಿಲ್ಲ. ನೋವಿರುವ ನಾಯಿಯಿಂದ ಕೆಲಸ ತೆಗೆಸುವುದು ಪಾಪ ಅಂತಲೇ ನಾನು ನಂಬಿದ್ದೇನೆ. ದಯವಿಟ್ಟು ಮರಿ ತರುವ ಮೊದಲು ಅದರ ತಾಯಿಯನ್ನು ನೋಡಿ. ಹೊಸಬರು ಬಂದಾಗ ತಾಯಿ ಹೇಗೆ ನಡೆದುಕೊಳ್ಳುತ್ತದೆ, ಹೇಗೆ ನಡೆಯುತ್ತದೆ ಅಂತ ನೋಡಿ. ನಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಮರಿ ತಂದಮೇಲೆ ಹೋಗುವ ಬದಲು ತರುವ ಮೊದಲೇ ಹೋಗಿ ಕೇಳಿ.

ಕಾಳಿ ಬಂದಿದ್ದು 2018ರ ಆಗಸ್ಟಿನಲ್ಲಿ. ಎಂಟು ವಾರದ ಮರಿ. ಪರಿಚಯದವರ ಮನೆಯಲ್ಲಿ ಹುಟ್ಟಿದ್ದು, ತಾಯಿ ಲ್ಯಾಬ್ರಡಾರ್, ತಂದೆಯ ಕಡೆ ಬೆರಕೆ. ಈ ಸಲ ಅಲ್ಲಿ ಎರಡು ಗಂಟೆ ಕೂತು ನೋಡಿದೆ. ಸ್ಟೀಲ್ ತಟ್ಟೆಯೊಂದನ್ನು ನೆಲಕ್ಕೆ ಬೀಳಿಸಿದೆ. ಒಂದು ಮರಿ ಓಡಿಹೋಗಿ ಮೂಲೆ ಸೇರಿತು, ಹೊರಗೆ ಬರಲೇ ಇಲ್ಲ. ಎರಡು ಬೊಗಳಿದವು. ಇವಳು ಬೆಚ್ಚಿ ಹಿಂದೆ ಸರಿದಳು, ಆಮೇಲೆ ಮೆಲ್ಲಗೆ ಬಂದು ತಟ್ಟೆ ಮೂಸಿದಳು. ಬೆಚ್ಚುವುದು ತಪ್ಪಲ್ಲ. ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು.

ಹೆಸರಿನ ಬಗ್ಗೆ ಒಂದು ಮಾತು. ಕಪ್ಪಗಿದ್ದಾಳೆ ಅಂತ ಕಾಳಿ ಎಂದೆವು. ದೇವಿಯ ಹೆಸರು ನಾಯಿಗಾ ಅಂತ ಕೆಲವರು ಕೇಳಿದರು. ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರು ಆಗ ಆತಕೂರಿನ ಶಾಸನದ ಕಥೆ ಹೇಳಿದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು, ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಅಂತ ರಾಷ್ಟ್ರಕೂಟರ ರಾಜ ಮೂರನೆಯ ಕೃಷ್ಣ ಹೇಳಿದ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಹಂದಿಯೂ ನಾಯಿಯೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಸಾವಿರ ವರ್ಷದ ಹಿಂದೆ ನಮ್ಮವರು ನಾಯಿಗೆ ವೀರಗಲ್ಲು ಹಾಕಿಸಿದ್ದಾರೆ. ಅದನ್ನು ಕೇಳಿದ ಮೇಲೆ ಚಿಕ್ಕಪ್ಪ ಹೆಸರು ಬದಲಾಯಿಸುವ ಮಾತೇ ಬೇಡ ಅಂದರು.

ಮರಿಯ ಜೀವನದಲ್ಲಿ ಸುಮಾರು 3ನೇ ವಾರದಿಂದ 14ನೇ ವಾರದ ತನಕ ಒಂದು ಕಿಟಕಿ ತೆರೆದಿರುತ್ತದೆ. ಆಗ ಕಂಡದ್ದು, ಕೇಳಿದ್ದು, ತುಳಿದದ್ದು ಲೋಕದ ಸಹಜ ಭಾಗ ಅಂತ ಅದರ ಮನಸ್ಸಿಗೆ ಕೂರುತ್ತದೆ. ಆಮೇಲೆ ಕಂಡದ್ದೆಲ್ಲ ಅನುಮಾನದ ವಸ್ತು. ತೊಂದರೆ ಏನೆಂದರೆ, ಅದೇ ಹೊತ್ತಿನಲ್ಲಿ ಲಸಿಕೆಗಳು ಮುಗಿದಿರುವುದಿಲ್ಲ. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ರೋಗಗಳ ಲಸಿಕೆ 6-8 ವಾರಕ್ಕೆ ಶುರುವಾಗಿ ಸುಮಾರು 16 ವಾರದವರೆಗೂ ನಡೆಯುತ್ತದೆ. ರೇಬೀಸ್ ಲಸಿಕೆ 3 ತಿಂಗಳಿಗೆ. ಬೀದಿ ನಾಯಿಗಳು ಓಡಾಡುವ ನೆಲದಲ್ಲಿ ಮರಿಯನ್ನು ಬಿಟ್ಟರೆ ಪಾರ್ವೊ ಬಂದು ಎರಡು ದಿನದಲ್ಲಿ ಹೋಗಿಬಿಡಬಹುದು. ಹಾಗಂತ ನಾಲ್ಕು ತಿಂಗಳು ಮನೆಯೊಳಗೇ ಇಟ್ಟರೆ ಕಿಟಕಿ ಮುಚ್ಚಿಹೋಗುತ್ತದೆ.

ನಾನು ಬುಟ್ಟಿ ಹಿಡಿದೆ. ಹಳೆಯ ಬಿದಿರಿನ ಬುಟ್ಟಿಗೆ ಟವಲ್ ಹಾಸಿ ಕಾಳಿಯನ್ನು ಅದರಲ್ಲಿ ಕೂರಿಸಿಕೊಂಡು ಊರೆಲ್ಲ ತಿರುಗಿದೆ. ನೆಲ ಮುಟ್ಟಿಸಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಹತ್ತು ನಿಮಿಷ. ಬಸ್ಸಿನ ಬ್ರೇಕು ಉಸ್ಸೆಂದಾಗ ಒಂದು ಚೂರು ಬೇಯಿಸಿದ ಕೋಳಿ. ಹೂವಿನ ಅಂಗಡಿ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಶೆಡ್ಡು. ಹೆಲ್ಮೆಟ್ ಹಾಕಿದವರು, ಬುರ್ಖಾ ಹಾಕಿದವರು, ಕಂಬಳಿ ಹೊದ್ದವರು, ಊರುಗೋಲು ಹಿಡಿದವರು. ಮನೆಯಲ್ಲಿ ಕುಕ್ಕರ್ ಕೂಗಿದಾಗ, ಮಿಕ್ಸಿ ತಿರುಗಿದಾಗ ಮತ್ತೊಂದು ಚೂರು. ಲಸಿಕೆ ಮುಗಿದ ಮೇಲೆ ನವೆಂಬರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿತ್ತು. ಊರ ತುಂಬ ಜನ. ಗುಂಪಿನೊಳಗೆ ಕರೆದೊಯ್ಯಲಿಲ್ಲ. ದೂರದ ಬೀದಿಯ ತುದಿಯಲ್ಲಿ ನಿಂತು ಆ ಗದ್ದಲವನ್ನು ಕೇಳಿಸಿದೆ. ಅವಳು ಆಕಳಿಸಿ ಮೂತಿ ನೆಕ್ಕಿಕೊಳ್ಳಲು ಶುರುಮಾಡಿದಳು. ನಾಯಿ ಹಾಗೆ ಮಾಡಿದರೆ ಹಸಿವು, ನಿದ್ದೆ ಅಂದುಕೊಳ್ಳಬೇಡಿ, ಜಾಸ್ತಿ ಆಯ್ತು ಅಂತ ಅದು ಹೇಳುವ ರೀತಿ. ಮನೆಗೆ ಬಂದುಬಿಟ್ಟೆ. ಇನ್ನೈದು ನಿಮಿಷ ನಿಂತಿದ್ದರೆ ಕಲಿಸಿದ್ದೆಲ್ಲ ಹಾಳಾಗುತ್ತಿತ್ತು.

ಈ ಭಾಗವನ್ನು ಯಾವ ಮನೆಯವರೂ ಮಾಡಬಹುದು. ಇದನ್ನೇ ನಿಮ್ಮಲ್ಲಿ ಒತ್ತಿ ಹೇಳಬೇಕು ಅಂತ ನಾನು ಬಂದಿದ್ದು. ಹೊರದೇಶದ ಶಾಲೆಗಳಲ್ಲೂ ಮರಿಗಳು ಮೊದಲ ಒಂದು ಒಂದೂವರೆ ವರ್ಷ ಬೆಳೆಯುವುದು ಸಾಮಾನ್ಯ ಜನರ ಮನೆಗಳಲ್ಲಿ. ನಿವೃತ್ತರು, ಕಾಲೇಜು ಮಕ್ಕಳಿರುವ ಮನೆಯವರು ಮರಿಯನ್ನು ಸಾಕಿ, ಲೋಕ ತೋರಿಸಿ, ಆಮೇಲೆ ಶಾಲೆಗೆ ಒಪ್ಪಿಸುತ್ತಾರೆ. ಅಲ್ಲಿ ಕೆಲವು ತಿಂಗಳು ತರಬೇತಿ. ಕೊನೆಗೆ ಯಾರಿಗೆ ಕೊಡಬೇಕೋ ಅವರ ಜೊತೆ ಎರಡು ಮೂರು ವಾರ ಇಬ್ಬರಿಗೂ ಪಾಠ. ಸಾಕಿದವರು ಅಳುತ್ತಾ ಬಿಟ್ಟುಕೊಡುತ್ತಾರಂತೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಅಂತ ನಮ್ಮ ಚಿಕ್ಕಮ್ಮ ಅಂದರು.

ಈಗ ಗೋಣಿತಾಟಿನ ವಿಷಯ. ಕಾಫಿ ಮೂಟೆಯ ಚೀಲವೊಂದನ್ನು ಮಡಿಸಿ ಹೊಲಿದು ಚಿಕ್ಕ ಹಾಸು ಮಾಡಿದೆ. ಮೊದಲ ದಿನ ಅದರ ಮೇಲೆ ಒಂದು ಕಾಲಿಟ್ಟರೂ ತಿಂಡಿ. ಎರಡನೇ ದಿನ ನಾಲ್ಕು ಕಾಲಿಟ್ಟರೆ. ಆಮೇಲೆ ಮಲಗಿದರೆ. ಮಲಗಿ ಮೂರು ಎಣಿಸುವಷ್ಟು ಹೊತ್ತು ಇದ್ದರೆ, ಹತ್ತು ಎಣಿಸುವಷ್ಟು ಇದ್ದರೆ. ತಿಂಡಿಯನ್ನು ಕೈಯಿಂದ ಕೊಡಬೇಡಿ, ಮುಂಗಾಲುಗಳ ನಡುವೆ ಹಾಸಿನ ಮೇಲೇ ಇಡಿ. ಆಗ ಅದರ ಕಣ್ಣು ನಿಮ್ಮ ಕೈಯನ್ನು ಬಿಟ್ಟು ಹಾಸಿಗೆ ಅಂಟಿಕೊಳ್ಳುತ್ತದೆ. ಎರಡು ತಿಂಗಳಲ್ಲಿ ಅಡುಗೆಮನೆಯಲ್ಲಿ ಇಪ್ಪತ್ತು ನಿಮಿಷ ಮಲಗುತ್ತಿದ್ದಳು. ಆಮೇಲೆ ಅದೇ ಹಾಸನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟೆ. ಕ್ಷೌರದ ಅಂಗಡಿಯ ಜಗಲಿ, ರೇಷನ್ ಅಂಗಡಿಯ ಸಾಲು, ಬಸ್ ನಿಲ್ದಾಣ. ಎಲ್ಲಿ ಹಾಸಿದರೂ ಅದು ಅವಳ ಮನೆ. ನೋಡುವವರಿಗೆ ನಾಯಿ ಸುಮ್ನೆ ಮಲಗಿದೆ ಅನ್ನಿಸುತ್ತದೆ. ಹಾಗೆ ಮಲಗುವುದಕ್ಕೆ ಅವಳು ಎಷ್ಟು ಆಸೆಗಳನ್ನು ತಡೆದುಕೊಂಡಿದ್ದಾಳೆ ಅಂತ ನನಗೆ ಗೊತ್ತು. ಅದಕ್ಕೇ ಇವತ್ತಿಗೂ ಮಲಗಿದ್ದಕ್ಕೆ ಆಗಾಗ ಒಂದು ಚೂರು ಸಲ್ಲುತ್ತದೆ.

ಮಾತುಗಳ ವಿಷಯ ಇನ್ನೂ ಸ್ವಾರಸ್ಯ. ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕಾ ಅಂತ ಎಷ್ಟೋ ಜನ ಕೇಳುತ್ತಾರೆ. ಬೇಕಿಲ್ಲ. ಅದಕ್ಕೆ ಭಾಷೆ ಬೇಡ, ಪ್ರತಿ ಸಲ ಒಂದೇ ಥರ ಕೇಳುವ ಸದ್ದು ಬೇಕು. ಚಿಕ್ಕಪ್ಪನಿಗೆ ಬಾಯಿಗೆ ಬರುವುದು ಕನ್ನಡ, ಹಾಗಾಗಿ ಕನ್ನಡ. ಆದರೆ ಶುರುವಿನಲ್ಲೇ ಎಡವಿದೆವು. ಹತ್ತಿರ ಕರೆಯಲು 'ಬಾ', ವಸ್ತು ತರಲು 'ತಾ'. ಎರಡೂ ಅವಳ ಕಿವಿಗೆ ಒಂದೇ. ತಾ ಅಂದರೆ ಬರಿಗೈಯಲ್ಲಿ ಬಂದು ಬಾಲ ಅಲ್ಲಾಡಿಸುತ್ತಿದ್ದಳು. 'ತಾ' ತೆಗೆದು 'ಎತ್ತು' ಮಾಡಿದೆವು. ಬಾಯಲ್ಲಿದ್ದದ್ದನ್ನು ಬಿಡಿಸಲು 'ಬಿಡು' ಅಂತ ಕಲಿಸಿದೆವು. ಅದು ಇನ್ನೂ ಕಷ್ಟವಾಯಿತು. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಬಿಡು ಅನ್ನುತ್ತೇವೆ ಯೋಚಿಸಿ. ಇರ್ಲಿ ಬಿಡು, ಹೋಗ್ಲಿ ಬಿಡು, ಆಯ್ತು ಬಿಡು. ಕಾಳಿ ಕಷ್ಟಪಟ್ಟು ಟವಲ್ ಎಳೆದುಕೊಂಡು ಬರುತ್ತಿರುವಾಗ ಚಿಕ್ಕಮ್ಮ ಫೋನಿನಲ್ಲಿ ಯಾರಿಗೋ 'ಹೋಗ್ಲಿ ಬಿಡೇ' ಅಂದರೆ ಟವಲ್ ಅಲ್ಲೇ ಬೀಳುತ್ತಿತ್ತು. ತಪ್ಪು ಅವಳದ್ದಲ್ಲ. ಅದನ್ನು 'ಕೈಗೆ' ಅಂತ ಬದಲಾಯಿಸಿದೆವು. ಈಗ ಚಿಕ್ಕಪ್ಪನ ಅಂಗೈ ಮುಟ್ಟುವ ತನಕ ಬಿಡುವುದಿಲ್ಲ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಒಬ್ಬರು ಬಾ, ಒಬ್ಬರು ಬಾರಮ್ಮ, ಇನ್ನೊಬ್ಬರು ಬಂದ್ಬಿಡು ಚಿನ್ನ ಅಂದರೆ ನಾಯಿ ಮೂರು ಮಾತು ಕಲಿಯಬೇಕು. ನಾವು ಹತ್ತು ಮಾತುಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿದೆವು.

ಮೊಬೈಲ್ ಎತ್ತುವ ಪಾಠಕ್ಕೆ ಏಳು ವಾರ ಹಿಡಿಯಿತು. ಲ್ಯಾಬ್ರಡಾರ್ ರಕ್ತಕ್ಕೆ ಬಾಯಲ್ಲಿ ಹಿಡಿಯುವುದು ಹುಟ್ಟಿನಿಂದಲೇ ಇಷ್ಟ. ನ್ಯೂಫೌಂಡ್‌ಲ್ಯಾಂಡ್ ಕಡೆಯ ಮೀನುಗಾರರ ನಾಯಿಗಳಿಂದ ಬಂದ ತಳಿ ಅದು. ಬೇಟೆಯ ಹಕ್ಕಿಯನ್ನು ಜಜ್ಜದೆ ತಂದುಕೊಡಲಿ ಅಂತ ಆಮೇಲೆ ಬೆಳೆಸಿದರು. ಆದರೆ ಗಟ್ಟಿ, ನುಣುಪು, ತಣ್ಣಗಿನ ವಸ್ತು ಬಾಯಿಗೆ ಹಿತವಲ್ಲ. ಹಾಗಾಗಿ ಮೊಬೈಲಿಗೆ ಬಟ್ಟೆಯ ಚೀಲ ಹೊಲಿದೆ. ಮೊದಲು ಬರಿ ಚೀಲಕ್ಕೆ ಮೂಗು ತಾಗಿಸಿದರೆ ಸಾಕು, ನಾನು ನಾಲಿಗೆಯಿಂದ 'ಟಕ್' ಅನ್ನುತ್ತಿದ್ದೆ, ತಿಂಡಿ ಕೊಡುತ್ತಿದ್ದೆ. ಈ ಟಕ್ ಮುಖ್ಯ. ಯಾವ ಗಳಿಗೆಯಲ್ಲಿ ಅವಳು ಸರಿ ಮಾಡಿದಳೋ ಅದೇ ಗಳಿಗೆಗೆ ಗುರುತು ಹಾಕಿದ ಹಾಗೆ. ಕೆಲವರು ಕ್ಲಿಕ್ಕರ್ ಎಂಬ ಚಿಕ್ಕ ಡಬ್ಬಿ ಬಳಸುತ್ತಾರೆ. ನಾಲಿಗೆ ಯಾವಾಗಲೂ ಜೊತೆಗಿರುತ್ತದೆ, ಅದಕ್ಕೆ ನನಗೆ ನಾಲಿಗೆಯೇ ಅನುಕೂಲ. ಮೂಗು ತಾಗಿಸಿದ ಮೇಲೆ ಬಾಯಿ ಹಾಕಿದರೆ ಟಕ್. ಆಮೇಲೆ ಹಿಡಿದರೆ, ಎತ್ತಿದರೆ, ಒಂದು ಹೆಜ್ಜೆ ತಂದರೆ. ಚೀಲದೊಳಗೆ ಮೊದಲು ಬಟ್ಟೆ, ಆಮೇಲೆ ಮರದ ತುಂಡು, ಆಮೇಲೆ ಕೆಟ್ಟುಹೋದ ಮೊಬೈಲ್. ಎರಡು ಮೂರು ನಿಮಿಷದ ಪಾಠ, ದಿನಕ್ಕೆ ನಾಲ್ಕು ಸಲ. ಜಾಸ್ತಿ ಎಳೆದರೆ ಬೇಸರ ಬರುತ್ತದೆ.

ಹೊಡೆದು ಕಲಿಸಿದರೆ ಬೇಗ ಆಗುತ್ತದಲ್ಲ ಅಂತ ಒಬ್ಬರು ಹೇಳಿದ್ದರು. ಹೊಡೆದರೆ ನಾಯಿ ತಪ್ಪು ಮಾಡುವುದನ್ನು ನಿಲ್ಲಿಸುತ್ತದೆ, ನಿಜ. ಹೊಸದಾಗಿ ಏನನ್ನಾದರೂ ಮಾಡಿ ನೋಡುವುದನ್ನೂ ನಿಲ್ಲಿಸುತ್ತದೆ. ಕುರ್ಚಿಯಲ್ಲಿ ಕೂತಿರುವ, ಎದ್ದು ಬರಲಾರದ ಮನುಷ್ಯನ ಹತ್ತಿರ ನಾಯಿ ತಾನಾಗಿ ಬರಬೇಕು. ಹೆದರಿಕೆಯಿಂದ ಕಲಿತದ್ದು, ಹೊಡೆಯುವ ಕೈ ಎಟುಕದ ದೂರದಲ್ಲಿ ಉಳಿಯುವುದಿಲ್ಲ.

ಕಾಳಿ ಈಗ ಮಾಡುವ ಕೆಲಸಗಳು ಹೆಚ್ಚಲ್ಲ. ಬಿದ್ದದ್ದನ್ನು ಎತ್ತಿಕೊಡುತ್ತಾಳೆ. ಬಾಗಿಲ ಹಿಡಿಗೆ ಕಟ್ಟಿದ ಹಗ್ಗ ಎಳೆದು ಬಾಗಿಲು ತೆಗೆಯುತ್ತಾಳೆ. ಚಿಕ್ಕಪ್ಪನ ಕಾಲು ಮೆಟ್ಟುಹಲಗೆಯಿಂದ ಜಾರಿದರೆ ಪ್ಯಾಂಟಿನ ತುದಿ ಹಿಡಿದು ಎತ್ತಿಕೊಡುತ್ತಾಳೆ. 'ಗಂಟೆ' ಅಂದರೆ ನೆಲದ ಮೇಲಿನ ಗುಂಡಿ ಒತ್ತುತ್ತಾಳೆ, ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಕರೆಗಂಟೆ ಬಡಿಯುತ್ತದೆ. ಶುರುವಿನಲ್ಲಿ ಅಜ್ಜಿ ಓಡಿಬಂದು ಕಾಳಿಗೆ ಬಿಸ್ಕತ್ತು ಕೊಡುತ್ತಿದ್ದರು. ಒಂದೇ ಬೆಳಿಗ್ಗೆ ಹನ್ನೊಂದು ಸಲ ಗಂಟೆ ಹೊಡೆಯಿತು. ಯಾವುದರಿಂದ ಲಾಭ ಅಂತ ನಾಯಿ ಲೆಕ್ಕ ಹಾಕುತ್ತದೆ, ಅದು ಅದರ ಜಾಣತನ. ಅಜ್ಜಿ ಬಿಸ್ಕತ್ತು ನಿಲ್ಲಿಸಿದರು. ಚಿಕ್ಕಪ್ಪ ಕೇಳಿದಾಗ ಒತ್ತಿದರೆ ಮಾತ್ರ ಅವರ ಕೈಯಿಂದ ತಿಂಡಿ. ನಾಲ್ಕು ದಿನದಲ್ಲಿ ಸರಿಹೋಯಿತು. ಗಾಲಿಕುರ್ಚಿಯನ್ನು ಮಾತ್ರ ಅವಳಿಂದ ಎಳೆಸುವುದಿಲ್ಲ. 27 ಕಿಲೋದ ನಾಯಿ ಅದನ್ನು ಎಳೆದರೆ ಅದರ ಕೀಲುಗಳು ಕೆಡುತ್ತವೆ. ಮಗ್ಗುಲು ಬದಲಿಸುವುದು, ಸ್ನಾನ, ಶೌಚ, ಇದಕ್ಕೆಲ್ಲ ಮನುಷ್ಯರೇ ಬೇಕು. ನಾಯಿ ತಂದರೆ ಆರೈಕೆ ಮಾಡುವವರ ಹೊರೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಯಿಯನ್ನು ನೋಡಿಕೊಳ್ಳುವ ಕೆಲಸ ಸೇರಿಕೊಳ್ಳುತ್ತದೆ. ಆದರೆ ಚಿಕ್ಕಪ್ಪ ಈಗ ದಿನಕ್ಕೆ ಹತ್ತು ಸಲ ಯಾರನ್ನೂ ಕೂಗುವುದಿಲ್ಲ. ಅದರ ಬೆಲೆ ಅವರನ್ನೇ ಕೇಳಿ.

ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳ ಬಗ್ಗೆ ಹೇಳದೆ ಹೋದರೆ ಈ ಮಾತು ಅರ್ಧವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರು ಕಣ್ಣು ಕಳೆದುಕೊಂಡರು. ಅವರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಮೊದಲ ಶಾಲೆ ಶುರುವಾಯಿತು. ಡೊರೊತಿ ಯೂಸ್ಟಿಸ್ ಎಂಬ ಅಮೆರಿಕದ ಹೆಂಗಸು ಸ್ವಿಟ್ಜರ್ಲೆಂಡಿನಲ್ಲಿ ನಾಯಿ ಬೆಳೆಸುತ್ತಿದ್ದರು. ಜರ್ಮನಿಯಲ್ಲಿ ನೋಡಿದ್ದನ್ನು 1927ರಲ್ಲಿ ಪತ್ರಿಕೆಯೊಂದಕ್ಕೆ ಬರೆದರು. ಅದನ್ನು ಓದಿಸಿ ಕೇಳಿದ ಮೋರಿಸ್ ಫ್ರಾಂಕ್ ಎಂಬ ಕುರುಡ ಯುವಕ ಅವರಿಗೆ ಕಾಗದ ಬರೆದ, ಸ್ವಿಟ್ಜರ್ಲೆಂಡಿಗೇ ಹೋದ. 1928ರಲ್ಲಿ ಬಡ್ಡಿ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ಜೊತೆ ನ್ಯೂಯಾರ್ಕಿಗೆ ಬಂದಿಳಿದು, ಪತ್ರಕರ್ತರ ಎದುರು ವಾಹನ ತುಂಬಿದ ಬೀದಿಯನ್ನು ದಾಟಿ ತೋರಿಸಿದ. ಮರುವರ್ಷ ಅಮೆರಿಕದಲ್ಲಿ 'ಸೀಯಿಂಗ್ ಐ' ಶಾಲೆ ಹುಟ್ಟಿತು. ಇವತ್ತಿಗೂ ನಡೆಯುತ್ತಿದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ನಾಯಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ. ದಾರಿ ಮನುಷ್ಯನಿಗೆ ಗೊತ್ತಿರಬೇಕು. ಸಿಗ್ನಲ್ ದೀಪವನ್ನೂ ನಾಯಿ ಓದುವುದಿಲ್ಲ, ಕೆಂಪು ಹಸಿರಿನ ವ್ಯತ್ಯಾಸ ಅದರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ವಾಹನದ ಸದ್ದು ಕೇಳಿ, ಈಗ ದಾಟೋಣ ಅಂತ ಹೇಳುವವನು ಮನುಷ್ಯ. ಹೇಳಿದರೂ ಕಾರು ನುಗ್ಗಿ ಬರುತ್ತಿದ್ದರೆ ನಾಯಿ ಕದಲುವುದಿಲ್ಲ. ಒಡೆಯ ಮುಂದೆ ನಡಿ ಅಂದರೂ ನಿಲ್ಲುತ್ತದೆ. ಮಾತು ಕೇಳಲು ಕಲಿಸಿದ ಮೇಲೆ, ಯಾವಾಗ ಕೇಳಬಾರದು ಅಂತಲೂ ಕಲಿಸುತ್ತಾರೆ. ನನಗೆ ಇಡೀ ತರಬೇತಿಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ. ನಿಲ್ಲುವುದೇ ಅಲ್ಲಿ ಜೀವ ಉಳಿಸುತ್ತದೆ.

ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಅಂಥ ನಾಯಿ ನಡೆಯಬಲ್ಲದೇ? ಮನಸ್ಸಿಗೆ ಕಷ್ಟವಾದರೂ ಹೇಳುತ್ತೇನೆ: ಇವತ್ತಿಗೆ ಬಹಳ ಕಷ್ಟ. ಫುಟ್‌ಪಾತಿನ ಮೇಲೆ ಅಂಗಡಿ, ಬೈಕು, ತೆರೆದ ಚರಂಡಿ. ಪ್ರತಿ ಬೀದಿಯಲ್ಲೂ ತಮ್ಮ ಗಡಿ ಕಾಯುವ ನಾಯಿಗಳು. ಹಾರ್ನೆಸ್ (ಒಡೆಯ ಹಿಡಿದು ನಡೆಯುವ ಮೈಪಟ್ಟಿ) ಹಾಕಿದ ನಾಯಿ ಜಗಳಕ್ಕೂ ನಿಲ್ಲುವ ಹಾಗಿಲ್ಲ, ಓಡುವ ಹಾಗೂ ಇಲ್ಲ. ಕಣ್ಣು ಕಾಣದ ನಮ್ಮ ಗೆಳೆಯರಿಗೆ ಬಿಳಿ ಕೋಲೂ, ಅದನ್ನು ಬಳಸಲು ಸರಿಯಾದ ತರಬೇತಿಯೂ ಮೊದಲು ಸಿಗಬೇಕು. ನಾಯಿಯ ಕೆಲಸವನ್ನು ನಮ್ಮಲ್ಲಿ ಮನೆಯೊಳಗಿಂದ ಶುರುಮಾಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಗಾಲಿಕುರ್ಚಿಯವರಿಗೆ, ಕಿವಿ ಕೇಳದವರಿಗೆ ಮನೆಯಲ್ಲೇ ಎಷ್ಟೋ ಕೆಲಸ ಇದೆ.

ಹೊರಗೆ ಹೋಗುವುದೂ ಸುಲಭವಲ್ಲ. ಒಂದು ಹೋಟೆಲಿನಲ್ಲಿ ನಮ್ಮನ್ನು ಬಾಗಿಲಲ್ಲೇ ತಡೆದರು. ನಾಯಿಯನ್ನು ಹೊರಗೆ ಕಟ್ಟಿ ಬನ್ನಿ ಅಂದರು. ನಾನು ವಾದ ಮಾಡಿದೆ. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಮನೆಗೆ ಹೋಗೋಣ ಅಂದರು. ಅದಾದ ಮೇಲೆ ಎರಡು ತಿಂಗಳು ಅವರು ಮನೆಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ಬೇಲೂರು ರಸ್ತೆಯ ಒಂದು ಚಿಕ್ಕ ಕಾಫಿ ಅಂಗಡಿಯವರು ನಮ್ಮನ್ನು ನೋಡಿ, ಏನೂ ಕೇಳದೆ ಮೂಲೆಯ ಮೇಜನ್ನು ಸರಿಸಿ ಗಾಲಿಕುರ್ಚಿಗೆ ಜಾಗ ಮಾಡಿದರು. ಈಗ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇವೆ.

ಅಮೆರಿಕದಲ್ಲಿ 1990ರ ವಿಕಲಚೇತನರ ಕಾಯ್ದೆಯ ಅಡಿ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ? ಅದಕ್ಕೆ ಯಾವ ಕೆಲಸ ಕಲಿಸಿದ್ದೀರಿ? ನಾಯಿ ಹತೋಟಿ ತಪ್ಪಿದರೆ ಹೊರಗೆ ಕಳಿಸುವ ಹಕ್ಕೂ ಅವರಿಗಿದೆ. ಇದು ನನಗೆ ನ್ಯಾಯವಾಗಿ ಕಾಣುತ್ತದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಸಾರ್ವಜನಿಕ ಜಾಗಗಳು ಎಲ್ಲರಿಗೂ ಎಟುಕಬೇಕು ಅನ್ನುತ್ತದೆ. ಆ ಎಟುಕುವಿಕೆಯಲ್ಲಿ ಕಾಳಿಯಂಥವರಿಗೂ ಜಾಗ ಇರಬೇಕು ಅಂತ ಕೇಳುವುದು ನಮ್ಮ ಕೆಲಸ.

ಹಾಗೆ ಕೇಳುವಾಗ ಎದುರಿನವರ ಹೆದರಿಕೆಯನ್ನು ಹಗುರವಾಗಿ ಕಾಣಬಾರದು. ನಾಯಿ ಕಚ್ಚಿ, ರೇಬೀಸಿನ ಭಯದಲ್ಲಿ ಸೂಜಿ ಚುಚ್ಚಿಸಿಕೊಂಡ ಮಕ್ಕಳು ಪ್ರತಿ ಬೀದಿಯಲ್ಲೂ ಇದ್ದಾರೆ. ಆ ಮಗು ಕಾಳಿಯನ್ನು ನೋಡಿ ಅಮ್ಮನ ಹಿಂದೆ ಅಡಗಿದರೆ ನಾನು 'ಏನೂ ಮಾಡಲ್ಲ ಬಾ' ಅನ್ನುವುದಿಲ್ಲ. ನಾವೇ ದೂರ ಸರಿಯುತ್ತೇವೆ. ಸುಮ್ನೆ ಸಾಕುನಾಯಿಗೆ ಒಂದು ಪಟ್ಟಿ ಕಟ್ಟಿ ಸೇವಾ ನಾಯಿ ಅಂತ ಒಳಗೆ ಕರೆದೊಯ್ದರೆ, ಅದು ಅಲ್ಲಿ ಒಬ್ಬರ ಮೇಲೆ ಹಾರಿದರೆ, ಮುಂದೆ ಬರುವ ಚಿಕ್ಕಪ್ಪನಿಗೆ ಆ ಬಾಗಿಲು ಮುಚ್ಚಿತು ಅಂತಲೇ ಅರ್ಥ. ಹಾಗೆ ದಯವಿಟ್ಟು ಮಾಡಬೇಡಿ. ಕೆಲಸದಲ್ಲಿರುವ ನಾಯಿಯನ್ನು ಕಂಡರೆ ಕರೆಯಬೇಡಿ, ಮುಟ್ಟಬೇಡಿ, ಬೋಂಡ ಹಾಕಬೇಡಿ. ಮಾತಾಡಬೇಕಾದರೆ ಅದರ ಜೊತೆಗಿರುವ ಮನುಷ್ಯನನ್ನು ಮಾತಾಡಿಸಿ. ಎಷ್ಟೋ ಜನ ಚಿಕ್ಕಪ್ಪನನ್ನು ಬಿಟ್ಟು ನನ್ನ ಹತ್ತಿರ ಕೇಳುತ್ತಾರೆ, ಅವರಿಗೆ ಕಾಫಿ ಬೇಕಾ ಅಂತ.

ಮಲೆನಾಡಿನವರಿಗೆ ಎರಡು ಮೂರು ಎಚ್ಚರಿಕೆ. ತೋಟದಿಂದ ಬಂದ ನಾಯಿಯ ಕಿವಿ, ಕತ್ತು, ಬೆರಳುಗಳ ಸಂದಿಯನ್ನು ದಿನವೂ ತಡಕಿ. ಉಣುಗು ಹತ್ತಿದರೆ ಬರೀ ತುರಿಕೆಗೆ ನಿಲ್ಲುವುದಿಲ್ಲ, ರಕ್ತಕ್ಕೆ ರೋಗ ತಂದು ಜ್ವರ ಬರಿಸುತ್ತದೆ. ಉಂಡು ಬಿಟ್ಟ ಅನ್ನ ಸಾರು ಹಾಕುವ ಅಭ್ಯಾಸ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಕಾಫಿ ನಾಡಿನಲ್ಲಿ ಯಾರೂ ಹೇಳದ ಮಾತು ಇನ್ನೊಂದಿದೆ: ಕೆಫೀನ್ ನಾಯಿಗೆ ವಿಷ. ಕಾಫಿ ಚರಟವನ್ನು ಗಿಡದ ಬುಡಕ್ಕೆ ಸುರಿದರೆ ಮರಿ ನೆಕ್ಕದ ಹಾಗೆ ನೋಡಿಕೊಳ್ಳಿ. ರಾತ್ರಿ ಹೊರಗೆ ಕಟ್ಟಬೇಡಿ. ಚಿರತೆಗೆ ಕಟ್ಟಿದ ನಾಯಿ ಸುಲಭದ ಊಟ.

ಕಾಳಿಗೆ ಈಗ ಏಳು ವರ್ಷ. ಮೂತಿ ಬೆಳ್ಳಗಾಗುತ್ತಿದೆ. ಇಂಥ ನಾಯಿಗಳು ಒಂಬತ್ತು ಹತ್ತು ವರ್ಷಕ್ಕೆ ಕೆಲಸ ಬಿಡುತ್ತವೆ. ಆಮೇಲೂ ಅವಳು ನಮ್ಮನೆಯಲ್ಲೇ ಇರುತ್ತಾಳೆ, ರಾಜನ ಪಕ್ಕದಲ್ಲಿ. ಬರುವ ವರ್ಷ ಇನ್ನೊಂದು ಮರಿ ತರಬೇಕು. ಬುಟ್ಟಿ ಅಟ್ಟದ ಮೇಲಿದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ನಮ್ಮ ಮುಧೋಳ ನಾಯಿ ಆಗುವುದಿಲ್ಲವೇ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಮುಧೋಳ ನಮ್ಮ ನಾಡಿನ ಹೆಮ್ಮೆ, ಸೈನ್ಯವೂ ಅದಕ್ಕೆ ತರಬೇತಿ ಕೊಟ್ಟಿದೆ. ಆದರೆ ಅದು ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ದೂರದಲ್ಲಿ ಮೊಲವೋ ಬೆಕ್ಕೋ ಅಲ್ಲಾಡಿದರೆ ಓಡುವುದೇ ಅದರ ಹುಟ್ಟುಗುಣ. ಗೋಣಿತಾಟಿನ ಪಾಠ ಅದಕ್ಕೆ ಜಾಸ್ತಿ ಕಷ್ಟ.

ಕೊನೆಗೆ ಒಬ್ಬ ತಾಯಿ ಎದ್ದರು. ಅವರ ಮಗಳಿಗೆ ಹನ್ನೆರಡು ವರ್ಷ, ಕಿವಿ ಕೇಳಿಸುವುದಿಲ್ಲ. ಮನೆ ಮುಂದೆ ಒಂದು ಬೀದಿ ನಾಯಿ ಇದೆ, ಎರಡು ವರ್ಷದ್ದು, ಮಗಳ ಹಿಂದೆಯೇ ತಿರುಗುತ್ತದೆ. "ನೀವು ಹೇಳಿದ ತಳಿ ಎಲ್ಲ ನಮ್ಮ ಕೈಗೆ ಎಟುಕಲ್ಲ ಮೇಡಂ. ಇದಕ್ಕೆ ಕಲಿಸೋಕಾಗುತ್ತಾ?" ಅಂದರು.

ಆಗಬಹುದು ಅಂದೆ. ಕಿವಿ ಕೇಳದವರ ನಾಯಿಗಳನ್ನು ಅಮೆರಿಕದಲ್ಲಿ ಅನಾಥ ನಾಯಿಗಳ ಆಶ್ರಯಗಳಿಂದಲೂ ಆರಿಸಿದ್ದಾರೆ. ಕೆಲಸ ಇಷ್ಟೇ: ಸದ್ದು ಕೇಳಿದರೆ ಬಂದು ಮೂಗಿನಿಂದ ತಟ್ಟಬೇಕು, ಸದ್ದಿನ ಕಡೆಗೆ ಕರೆದೊಯ್ಯಬೇಕು. ಬಾಗಿಲು ಬಡಿದದ್ದು, ಕುಕ್ಕರ್ ಕೂಗಿದ್ದು, ಅಮ್ಮ ಹೆಸರು ಹಿಡಿದು ಕರೆದದ್ದು. ಸದ್ದಿಗೆ ಚುರುಕಾಗಿ ತಿರುಗುವ, ಜನರನ್ನು ಹುಡುಕಿಕೊಂಡು ಬರುವ ನಾಯಿ ಬೇಕು. ತಳಿ ಯಾವುದಾದರೇನು? ಮಗಳು ಮಾತಿನ ಬದಲು ಕೈಸನ್ನೆಯಲ್ಲೇ ಹೇಳಲಿ. ನಾಯಿಗೆ ಸನ್ನೆ ಮಾತಿಗಿಂತ ಬೇಗ ಅರ್ಥವಾಗುತ್ತದೆ.

ಮೊದಲು ರೇಬೀಸ್ ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ, ಮುಂದಿನ ಭಾನುವಾರ ಏಳು ಗಂಟೆಗೆ ಮಹಾರಾಜ ಪಾರ್ಕಿನ ಗೇಟಿನ ಹೊರಗೆ ಕರೆದುಕೊಂಡು ಬನ್ನಿ ಅಂದೆ. ಮಗಳೂ ಬರಲಿ. ಬೆಳಿಗ್ಗೆ ಅದಕ್ಕೆ ಏನೂ ತಿನ್ನಿಸಬೇಡಿ, ಹಸಿದಿರಲಿ. ಕೋಳಿ ಬೇಯಿಸಿ ನಾನು ತರುತ್ತೇನೆ. ಒಂದು ಹಳೆಯ ಗೋಣಿಚೀಲ ಇದ್ದರೆ ನೀವು ತನ್ನಿ.